ಹಳೆಯ ಟ್ರ್ಯಾಕ್ಟರಿನ ವಿದ್ಯುತ್ ವ್ಯವಸ್ಥೆಯನ್ನು 12 ವೋಲ್ಟಿಗೆ ತರುವ ಕ್ರಮ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಹಳ್ಳಿಗಳಲ್ಲಿ ನಲವತ್ತು, ಐವತ್ತು ವರ್ಷ ದಾಟಿದ ಟ್ರ್ಯಾಕ್ಟರುಗಳು ಈಗಲೂ ಕೆಲಸ ಮಾಡುತ್ತಿವೆ. ಭದ್ರಾ ನಾಲೆಗೆ ನೀರು ಬಿಟ್ಟಾಗ ಮಲೇಬೆನ್ನೂರಿನ ಕಡೆಯ ಗದ್ದೆಗಳಲ್ಲಿ ಕೆಸರು ಹೊಡೆಯುವುದಕ್ಕೂ, ಚಳ್ಳಕೆರೆಯ ಸುತ್ತ ಶೇಂಗಾ ಬಿತ್ತನೆಗೆ ಹೊಲ ಹದ ಮಾಡುವುದಕ್ಕೂ ಅವು ಸಾಲುತ್ತವೆ. ಆದರೆ ಎಂಜಿನ್ನು ಗಟ್ಟಿಯಾಗಿದ್ದರೂ ಬೆಳಿಗ್ಗೆ ಸೆಲ್ಫ್ (ಎಂಜಿನ್ನನ್ನು ತಿರುಗಿಸಿ ಚಾಲೂ ಮಾಡುವ ಮೋಟರು) ತಿರುಗುವುದಿಲ್ಲವೆಂಬ ಒಂದೇ ಕಾರಣಕ್ಕೆ ಅವುಗಳನ್ನು ರಾತ್ರಿ ಇಳಿಜಾರಿನಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಮರುದಿನ ಕಲ್ಲು ಸರಿಸಿ ಉರುಳಿಸಿ ಚಾಲೂ ಮಾಡುವ ಮನೆಗಳು ಕಡಿಮೆಯಿಲ್ಲ. ಇಂಥ ಟ್ರ್ಯಾಕ್ಟರಿನ ಬ್ಯಾಟರಿ, ಚಾರ್ಜಿಂಗ್ ಮತ್ತು ಸೆಲ್ಫ್ ವ್ಯವಸ್ಥೆಯನ್ನು ಈಗಿನ 12 ವೋಲ್ಟ್, ನೆಗೆಟಿವ್ ಅರ್ತ್ (ಬ್ಯಾಟರಿಯ ನೆಗೆಟಿವ್ ತುದಿ ಟ್ರ್ಯಾಕ್ಟರಿನ ಬಾಡಿಗೆ ಸೇರಿರುವ) ಪದ್ಧತಿಗೆ ತರುವುದು ಹೇಗೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಈ ಕೆಲಸದಲ್ಲಿ ಹಣ ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ಅಳತೆ ಮಾಡದೆ ಸಾಮಾನು ಕೊಂಡವರು. ನಾವು ಕಳೆದುಕೊಂಡದ್ದು ಬೇರೆ ಕಾರಣಕ್ಕೆ. ನಮ್ಮ ಮನೆಯ ಬಿ-275 ಟ್ರ್ಯಾಕ್ಟರಿಗೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೂರಿಸಿದ ಮೇಲೆ ಒಮ್ಮೆ ಬ್ಯಾಟರಿಯನ್ನು ಚಾರ್ಜಿಗೆ ಬಿಚ್ಚಿಸಿದ್ದೆವು. ಮರಳಿ ಜೋಡಿಸಲು ಬಂದ ಮೆಕ್ಯಾನಿಕ್ ಈ ಟ್ರ್ಯಾಕ್ಟರನ್ನು ಮೊದಲಿನಿಂದ ಬಲ್ಲವನಾದ್ದರಿಂದ, ಹಳೆಯ ರೂಢಿಯಂತೆ ಪಾಸಿಟಿವ್ ಕೇಬಲನ್ನೇ ಬಾಡಿಗೆ ಹಾಕಿದ. ಆಲ್ಟರ್ನೇಟರಿನೊಳಗಿನ ಡಯೋಡುಗಳು ಸುಡಲು ಕ್ಷಣವೂ ಬೇಕಾಗಲಿಲ್ಲ. ಅವನ ಅನುಭವದಲ್ಲಿ ಕೊರತೆಯಿರಲಿಲ್ಲ; ನಾವು ಮಾಡಿದ ಬದಲಾವಣೆಯನ್ನು ಟ್ರ್ಯಾಕ್ಟರಿನ ಮೇಲೆ ಎಲ್ಲೂ ಗುರುತು ಮಾಡಿರಲಿಲ್ಲ.

ಈಗಿರುವುದು ಎಷ್ಟು ವೋಲ್ಟ್, ಯಾವ ಅರ್ತ್

ಬ್ಯಾಟರಿಯ ಮೇಲೆ 6 ವೋಲ್ಟ್ ಎಂದು ಬರೆದಿದ್ದ ಮಾತ್ರಕ್ಕೆ ಟ್ರ್ಯಾಕ್ಟರು 6 ವೋಲ್ಟಿನದೆಂದು ತಿಳಿಯಕೂಡದು. ಹಳೆಯ ಡೀಸೆಲ್ ಟ್ರ್ಯಾಕ್ಟರುಗಳಲ್ಲಿ ಎರಡು 6 ವೋಲ್ಟ್ ಬ್ಯಾಟರಿಗಳನ್ನು ಒಂದರ ಪಾಸಿಟಿವ್‌ನಿಂದ ಇನ್ನೊಂದರ ನೆಗೆಟಿವ್‌ಗೆ ದಪ್ಪ ಕೇಬಲ್ ಹಾಕಿ ಸಾಲಾಗಿ ಜೋಡಿಸಿರುವುದುಂಟು. ಅಂಥದ್ದು ಆಗಲೇ 12 ವೋಲ್ಟ್ ವ್ಯವಸ್ಥೆಯಾಗಿರುತ್ತದೆ. ಬದಲಿಸಬೇಕಾದದ್ದು ಬ್ಯಾಟರಿ, ಡೈನಮೋ (ಹಳೆಯ ಮಾದರಿಯ ಚಾರ್ಜಿಂಗ್ ಯಂತ್ರ) ಮತ್ತು ಅರ್ತ್ ಮಾತ್ರ. ಡೀಸೆಲ್ ಎಂಜಿನ್ನಿನ ಒತ್ತಡವನ್ನು ಮೀರಿ ತಿರುಗಿಸಲು 6 ವೋಲ್ಟಿನ ಸೆಲ್ಫಿಗೆ ಕಷ್ಟವಾದ್ದರಿಂದ, ನಿಜವಾದ 6 ವೋಲ್ಟ್ ವ್ಯವಸ್ಥೆ ಕಾಣಸಿಗುವುದು ಮುಖ್ಯವಾಗಿ ಪೆಟ್ರೋಲ್ ಅಥವಾ ಸೀಮೆಎಣ್ಣೆಯಲ್ಲಿ ಓಡುವ ಫಾರ್ಮಾಲ್, ಫೋರ್ಡ್ 8ಎನ್ ತರಹದ ಬಹಳ ಹಳೆಯ ಟ್ರ್ಯಾಕ್ಟರುಗಳಲ್ಲಿ. ನಮ್ಮ ಭಾಗದಲ್ಲಿ ಅವು ಅಪರೂಪ. ಜೋಪಾನ ಮಾಡಿಟ್ಟುಕೊಂಡವರ ಕೊಟ್ಟಿಗೆಯಲ್ಲಿ ಮಾತ್ರ ಸಿಕ್ಕಾವು.

ಒಂದು ಡಿಜಿಟಲ್ ಮಲ್ಟಿಮೀಟರನ್ನು 20 ವೋಲ್ಟ್ ಡಿಸಿ ಸ್ಥಾನದಲ್ಲಿಟ್ಟು, ಕೆಂಪು ಕಡ್ಡಿಯನ್ನು ಸೆಲ್ಫಿನ ದಪ್ಪ ಟರ್ಮಿನಲ್ಲಿಗೆ ಬರುವ ಬ್ಯಾಟರಿ ಕೇಬಲ್ಲಿಗೂ ಕಪ್ಪು ಕಡ್ಡಿಯನ್ನು ಬಣ್ಣ ಕೆರೆದ ಎಂಜಿನ್ ಬ್ಲಾಕಿಗೂ ಮುಟ್ಟಿಸಬೇಕು. 6ರ ಆಸುಪಾಸು ಬಂದರೆ 6 ವೋಲ್ಟ್, 12ರ ಆಸುಪಾಸು ಬಂದರೆ 12 ವೋಲ್ಟ್. ಅಂಕಿಯ ಮುಂದೆ ಮೈನಸ್ ಚಿಹ್ನೆ ಕಂಡರೆ ಟ್ರ್ಯಾಕ್ಟರು ಪಾಸಿಟಿವ್ ಅರ್ತಿನದು, ಅಂದರೆ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಸೇರಿದೆ ಎಂದರ್ಥ. ಬ್ಯಾಟರಿಯ ಮೇಲಿನ ಗುರುತು ಅಳಿಸಿಹೋಗಿದ್ದರೂ ಎರಡು ಟರ್ಮಿನಲ್ಲುಗಳಲ್ಲಿ ದಪ್ಪನಾದದ್ದು ಪಾಸಿಟಿವ್ ಎಂಬುದನ್ನು ನೆನಪಿಟ್ಟುಕೊಂಡರೆ ಕಣ್ಣಳತೆಯಲ್ಲೇ ತಾಳೆ ನೋಡಬಹುದು.

ಬದಲಿಸುವ ಮೊದಲು ಮಾಡಲೇಬೇಕಾದ ಪರೀಕ್ಷೆ

ನಾನು ನೋಡಿದ ಹಲವು ಟ್ರ್ಯಾಕ್ಟರುಗಳಿಗೆ ಆಲ್ಟರ್ನೇಟರೂ ಬೇಕಿರಲಿಲ್ಲ, ಹೊಸ ಸೆಲ್ಫೂ ಬೇಕಿರಲಿಲ್ಲ. ತುಕ್ಕು ಹಿಡಿದ ಅರ್ತ್ ಪಟ್ಟಿಯನ್ನು ಉಜ್ಜಿ ಕೂರಿಸಿದ್ದರೆ ಸಾಕಿತ್ತು. ಇದರ ಲೆಕ್ಕ ಸರಳವಾಗಿದೆ. 6 ವೋಲ್ಟಿನ ಸೆಲ್ಫ್ 200 ಆಂಪಿಯರ್ ಎಳೆಯುತ್ತಿದ್ದು, ಕೊಳೆಯಾದ ಜೋಡಣೆಗಳಲ್ಲಿ ಒಟ್ಟು 0.01 ಓಮ್ ತಡೆಯಿದ್ದರೆ ಅಲ್ಲಿಯೇ 2 ವೋಲ್ಟ್ ಸೋರಿಹೋಗುತ್ತದೆ, ಅಂದರೆ ಬ್ಯಾಟರಿ ಕೊಟ್ಟದ್ದರಲ್ಲಿ ಮೂರನೆಯ ಒಂದು ಪಾಲು. ಅಷ್ಟೇ ಶಕ್ತಿಗೆ 12 ವೋಲ್ಟಿನಲ್ಲಿ 100 ಆಂಪಿಯರ್ ಸಾಕು. ಅದೇ ತಡೆಯಲ್ಲಿ ಹೋಗುವುದು 1 ವೋಲ್ಟ್, ಅಂದರೆ ಹನ್ನೆರಡನೆಯ ಒಂದು ಪಾಲು. 12 ವೋಲ್ಟಿಗೆ ಬರುವುದರ ನಿಜವಾದ ಲಾಭ ಇಷ್ಟೇ. ಆದರೆ ಕೊಳೆ ಅಲ್ಲಿಯೇ ಉಳಿದಿದ್ದರೆ ಆ ಲಾಭವೂ ಎರಡು ಮಳೆಗಾಲದಲ್ಲಿ ಕರಗುತ್ತದೆ.

ಪರೀಕ್ಷೆ ಮಾಡುವಾಗ ಎಂಜಿನ್ ಚಾಲೂ ಆಗಬಾರದು. ಡೀಸೆಲ್ ಆಗಿದ್ದರೆ ಸ್ಟಾಪ್ ಕಡ್ಡಿಯನ್ನು ಎಳೆದಿಟ್ಟು, ಪೆಟ್ರೋಲ್ ಆಗಿದ್ದರೆ ಕಿಡಿಗೆ ಕರೆಂಟು ಕೊಡುವ ಕಾಯಿಲ್ಲಿಗೆ ಬರುವ ಸಣ್ಣ ವೈರನ್ನು ಬಿಚ್ಚಿ, ಗೇರು ನ್ಯೂಟ್ರಲ್‌ನಲ್ಲಿರುವುದನ್ನು ಖಚಿತಪಡಿಸಿಕೊಂಡು, ಒಬ್ಬರು ಆಸನದಲ್ಲಿ ಕುಳಿತು ಐದು ಸೆಕೆಂಡು ಸೆಲ್ಫ್ ಒತ್ತಬೇಕು. ಅದೇ ಹೊತ್ತಿನಲ್ಲಿ ಇನ್ನೊಬ್ಬರು ಬ್ಯಾಟರಿಯ ಅರ್ತ್ ಟರ್ಮಿನಲ್ಲಿಗೂ ಎಂಜಿನ್ ಬ್ಲಾಕಿಗೂ ನಡುವೆ ಎಷ್ಟು ವೋಲ್ಟ್ ತೋರುತ್ತದೆಂದು ನೋಡಬೇಕು. 12 ವೋಲ್ಟ್ ಟ್ರ್ಯಾಕ್ಟರಿನಲ್ಲಿ ಅದು 0.3ಕ್ಕಿಂತ ಹೆಚ್ಚಿದ್ದರೆ ಅರ್ತ್ ಕೆಟ್ಟಿದೆ. ಬ್ಯಾಟರಿಯ ಇನ್ನೊಂದು ಟರ್ಮಿನಲ್ಲಿಗೂ ಸೆಲ್ಫಿನ ಟರ್ಮಿನಲ್ಲಿಗೂ ನಡುವೆ 0.5ಕ್ಕಿಂತ ಹೆಚ್ಚಿದ್ದರೆ ದೋಷ ಕೇಬಲ್ಲಿನದು, ಲಗ್ಗಿನದು (ಕೇಬಲ್ ತುದಿಯ ಲೋಹದ ಕೊಂಡಿ) ಅಥವಾ ಸೋಲೆನಾಯ್ಡಿನದು (ಸೆಲ್ಫಿಗೆ ಕರೆಂಟು ಬಿಡುವ ಸ್ವಿಚ್ಚು). ಇವೆರಡೂ ಸರಿಯಿದ್ದು, ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸೆಲ್ಫ್ ಒತ್ತಿದಾಗ 9.6ಕ್ಕಿಂತ ಕೆಳಗೆ ಇಳಿದರೆ, ಬ್ಯಾಟರಿ ಸತ್ತಿದೆ ಅಥವಾ ಸೆಲ್ಫಿನೊಳಗೆ ಬುಷ್ ಸವೆದು ಆರ್ಮೇಚರ್ (ತಿರುಗುವ ಭಾಗ) ಉಜ್ಜುತ್ತಿದೆ.

ಬ್ಯಾಟರಿ ಮತ್ತು ಕೇಬಲ್

ಬಿಚ್ಚುವಾಗ ಅರ್ತ್ ಕೇಬಲನ್ನು ಮೊದಲು ತೆಗೆಯಬೇಕು, ಜೋಡಿಸುವಾಗ ಕೊನೆಯಲ್ಲಿ ಹಾಕಬೇಕು. ಅರ್ತ್ ಇರುವಾಗ ಇನ್ನೊಂದು ಟರ್ಮಿನಲ್ಲಿಗೆ ಹಾಕಿದ ಪಾನಾ ಜಾರಿ ಬಾಡಿಗೆ ತಗುಲಿದರೆ ಪಾನಾ ಕೆಂಪಗೆ ಕಾಯುತ್ತದೆ, ಬ್ಯಾಟರಿ ಸಿಡಿಯಲೂಬಹುದು. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುವುದರಿಂದ ಹತ್ತಿರ ಬೀಡಿ, ಬೆಂಕಿ ಕೂಡದು. ಆಸಿಡ್ ಸೋರಿ ಬಿಳಿ ಹೂವು ಕಟ್ಟಿದ ಜಾಗವನ್ನು ಅಡುಗೆ ಸೋಡಾ ಕರಗಿಸಿದ ನೀರಿನಿಂದ ತೊಳೆದು, ಒಣಗಿಸಿ, ಬಣ್ಣ ಬಳಿಯಬೇಕು. ಆ ನೀರು ಬ್ಯಾಟರಿಯ ಮುಚ್ಚಳದೊಳಗೆ ಹೋಗಬಾರದು.

35 ಅಶ್ವಶಕ್ತಿಯ ಆಸುಪಾಸಿನ ಡೀಸೆಲ್ ಟ್ರ್ಯಾಕ್ಟರಿಗೆ 12 ವೋಲ್ಟ್, 88 ಆಂಪಿಯರ್-ಅವರ್ ಬ್ಯಾಟರಿ ಸಾಮಾನ್ಯವಾಗಿ ಬಳಕೆಯಲ್ಲಿದೆ. ಎರಡು 6 ವೋಲ್ಟ್ ಬ್ಯಾಟರಿಗಳ ಜಾಗದಲ್ಲಿ ಒಂದನ್ನು ಕೂರಿಸುವವರು ಒಂದು ಮಾತನ್ನು ಗಮನಿಸಬೇಕು: ಸಾಲಾಗಿ ಜೋಡಿಸಿದ ಬ್ಯಾಟರಿಗಳಲ್ಲಿ ವೋಲ್ಟ್ ಕೂಡುತ್ತದೆಯೇ ಹೊರತು ಆಂಪಿಯರ್-ಅವರ್ ಕೂಡುವುದಿಲ್ಲ. ಹಳೆಯವು ತಲಾ 90ರವಾಗಿದ್ದರೆ ಹೊಸದೂ ಸುಮಾರು ಅಷ್ಟೇ ಇದ್ದರೆ ಸಾಕು. 180ರದ್ದನ್ನು ಹುಡುಕುವ ಅಗತ್ಯವಿಲ್ಲ. ಆಸನದ ಕೆಳಗೆ ಪೆಟ್ಟಿಗೆ ಇರುವ ಮಾದರಿಗಳಲ್ಲಿ ಕೊಳ್ಳುವ ಮೊದಲು ಎತ್ತರವನ್ನೂ ಅಳೆಯಬೇಕು. ಏರುತಗ್ಗಿನಲ್ಲಿ ಆಸನದ ಸ್ಪ್ರಿಂಗ್ ಕುಸಿದು ಅದರ ಕಬ್ಬಿಣ ಪಾಸಿಟಿವ್ ಟರ್ಮಿನಲ್ಲಿಗೆ ತಗುಲಿದರೆ ಕುಳಿತವರ ಕೆಳಗೇ ಬೆಂಕಿ ಏಳುತ್ತದೆ. ಟರ್ಮಿನಲ್ಲಿಗೆ ರಬ್ಬರಿನ ಟೊಪ್ಪಿಗೆ, ಬ್ಯಾಟರಿಯ ಮೇಲೆ ಒಂದು ತುಂಡು ಟೈರ್ ರಬ್ಬರು, ಅಲುಗದಂತೆ ಬಿಗಿಯುವ ಪಟ್ಟಿ, ಈ ಮೂರೂ ಇರಲೇಬೇಕು.

6 ವೋಲ್ಟ್ ಟ್ರ್ಯಾಕ್ಟರಿನ ಹಳೆಯ ಕೇಬಲ್ ಒಳ್ಳೆಯ ಸ್ಥಿತಿಯಲ್ಲಿದ್ದರೆ ಅದನ್ನೇ ಉಳಿಸಿಕೊಳ್ಳಬಹುದು, ಏಕೆಂದರೆ 6 ವೋಲ್ಟಿಗೆ ಹಾಕಿದ ಕೇಬಲ್ ಬೇಕಾದುದಕ್ಕಿಂತ ದಪ್ಪವೇ ಇರುತ್ತದೆ. ಹೊಸದು ಹಾಕುವುದಾದರೆ 50 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಒಳ್ಳೆಯದು, 35ಕ್ಕಿಂತ ಇಳಿಯಬಾರದು. ದಾವಣಗೆರೆಯ ಪಿ.ಬಿ. ರಸ್ತೆಯ ಕಡೆ ಅಥವಾ ಚಿತ್ರದುರ್ಗದಲ್ಲಿ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಹೋದಾಗ, ಕೇಬಲನ್ನು ಉದ್ದಕ್ಕೆ ಕತ್ತರಿಸಿ, ಲಗ್ಗುಗಳನ್ನು ಕಣ್ಣೆದುರೇ ಒತ್ತಿಸಿಕೊಂಡು ತರುವುದು ಉತ್ತಮ. ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿದ ಲಗ್ಗು ವರ್ಷದೊಳಗೆ ಸಡಿಲವಾಗಿ ಬಿಸಿಯಾಗುತ್ತದೆ. ಅರ್ತ್ ಕೇಬಲನ್ನು ಬ್ಯಾಟರಿ ಪೆಟ್ಟಿಗೆಯ ತಗಡಿಗೆ ಬಿಗಿಯದೆ, ಗೇರುಪೆಟ್ಟಿಗೆಯ ಅಥವಾ ಎಂಜಿನ್ನಿನ ಎರಕದ ಮೇಲೆ, ಎಮರಿ ಕಾಗದದಿಂದ ಹೊಳೆಯುವ ತನಕ ಉಜ್ಜಿದ ಜಾಗದಲ್ಲಿ ಬೋಲ್ಟ್ ಮಾಡಿ, ಮೇಲೆ ಗ್ರೀಸ್ ಸವರಬೇಕು.

ಡೈನಮೋ ತೆಗೆದು ಆಲ್ಟರ್ನೇಟರ್ ಕೂರಿಸುವುದು

ಹಳೆಯ ಡೈನಮೋ ನಿಧಾನ ಓಟದಲ್ಲಿ ಏನನ್ನೂ ಚಾರ್ಜ್ ಮಾಡುವುದಿಲ್ಲ. ರಾತ್ರಿ ದೀಪ ಹಾಕಿಕೊಂಡು ಮೆಕ್ಕೆಜೋಳದ ಟ್ರೈಲರ್ ಎಳೆಯುವಾಗ ಬಂದದ್ದಕ್ಕಿಂತ ಹೋದದ್ದೇ ಹೆಚ್ಚಾಗುತ್ತದೆ. ಆಲ್ಟರ್ನೇಟರ್ ಕಡಿಮೆ ವೇಗದಲ್ಲೂ ಚಾರ್ಜ್ ಕೊಡುತ್ತದೆ, ವೋಲ್ಟೇಜನ್ನು ತಾನೇ ಹಿಡಿತದಲ್ಲಿಡುತ್ತದೆ. ರೆಗ್ಯುಲೇಟರ್ ಒಳಗೇ ಇರುವ 12 ವೋಲ್ಟ್, 36 ಆಂಪಿಯರ್ ಆಲ್ಟರ್ನೇಟರ್ ಹಳೆಯ ಟ್ರ್ಯಾಕ್ಟರಿಗೆ ಧಾರಾಳವಾಗಿ ಸಾಕು. ಇನ್ನೂ ದೊಡ್ಡದನ್ನು ಹಾಕಿದರೆ ಹಳೆಯ ಅಮೀಟರ್ (ಕರೆಂಟು ತೋರಿಸುವ ಮೀಟರು) ಮತ್ತು ವೈರುಗಳು ತಡೆಯಲಾರವು.

ಇಲ್ಲಿ ಎರಡು ಯಾಂತ್ರಿಕ ತೊಡಕುಗಳಿವೆ. ಡೈನಮೋ ಉದ್ದನೆಯ ಕೊಳವೆಯಂತಿದ್ದು ಎರಡೂ ತುದಿಗಳಲ್ಲಿ ಹಿಡಿತವಿರುತ್ತದೆ, ಆಲ್ಟರ್ನೇಟರ್ ಗಿಡ್ಡ. ಆದ್ದರಿಂದ ದಪ್ಪ ಕಬ್ಬಿಣದ ಪಟ್ಟಿಯ ಬ್ರಾಕೆಟ್ಟನ್ನೂ ಸರಿಯಾದ ಉದ್ದದ ಬುಷ್ ತುಂಡನ್ನೂ ಲೇತ್ ಅಂಗಡಿಯಲ್ಲಿ ಮಾಡಿಸಬೇಕು. ಹರಿಹರ, ದಾವಣಗೆರೆಗಳಲ್ಲಿ ಲೇತ್ ಕೆಲಸದವರಿಗೆ ಕೊರತೆಯಿಲ್ಲ. ಹಳೆಯ ಡೈನಮೋ, ಹೊಸ ಆಲ್ಟರ್ನೇಟರ್ ಮತ್ತು ಬೆಲ್ಟನ್ನು ಒಟ್ಟಿಗೆ ಒಯ್ದು ತೋರಿಸಿದರೆ ತಪ್ಪಾಗುವುದಿಲ್ಲ. ಎರಡನೆಯದು ಪುಲ್ಲಿ. ಹಳೆಯ ಟ್ರ್ಯಾಕ್ಟರಿನ ಬೆಲ್ಟು ಅಗಲವಾಗಿದ್ದು ಹೊಸ ಆಲ್ಟರ್ನೇಟರಿನ ಪುಲ್ಲಿಯ ಕಾಲುವೆ ಕಿರಿದಾಗಿದ್ದರೆ ಬೆಲ್ಟು ಮೇಲೆಯೇ ನಿಂತು ಜಾರುತ್ತದೆ. ಬೆಲ್ಟಿಗೆ ಹೊಂದುವ ಪುಲ್ಲಿಯನ್ನು ತಿರುಗಿಸಿ ಮಾಡಿಸಬೇಕು, ಆದರೆ ಅದರ ವ್ಯಾಸ ಎಂಜಿನ್ ಪುಲ್ಲಿಯ ಅರ್ಧಕ್ಕಿಂತ ಹೆಚ್ಚಾಗದಿರಲಿ. ಬೆಲ್ಟು ಎಲ್ಲ ಪುಲ್ಲಿಗಳ ಮೇಲೆ ಒಂದೇ ನೇರದಲ್ಲಿ ಓಡುತ್ತದೆಯೇ ಎಂದು ದಾರ ಹಿಡಿದು ನೋಡಬೇಕು. ಹೆಬ್ಬೆರಳಿನಿಂದ ಒತ್ತಿದಾಗ ಬೆಲ್ಟು 10ರಿಂದ 12 ಮಿಲಿಮೀಟರ್ ತಗ್ಗಿದರೆ ಬಿಗಿ ಸರಿಯಿದೆ. ಇದಕ್ಕಿಂತ ಬಿಗಿ ಮಾಡಿದರೆ ಅದೇ ಬೆಲ್ಟಿನಲ್ಲಿ ಓಡುವ ನೀರಿನ ಪಂಪಿನ ಬೇರಿಂಗ್ ಹೋಗುತ್ತದೆ.

ವೈರಿಂಗಿಗೆ ಬರುವ ಮೊದಲು ಡೈನಮೋದ ಚಾರ್ಜನ್ನು ಹಿಡಿತದಲ್ಲಿಡುವ ಹಳೆಯ ಕಟೌಟ್ ಪೆಟ್ಟಿಗೆಯನ್ನೂ, ಅದರಿಂದ ಡೈನಮೋಗೆ ಹೋಗುವ ಎರಡು ವೈರುಗಳನ್ನೂ ಪೂರ್ತಿಯಾಗಿ ಕಳಚಿಡಬೇಕು. ಹಳೆಯ ವೈರನ್ನೇ ಆಲ್ಟರ್ನೇಟರಿಗೆ ಸಿಕ್ಕಿಸಿ ಸಮಯ ಉಳಿಸಲು ಹೋದವರು ಅನಂತರ ದೋಷ ಹುಡುಕಲು ದಿನಗಟ್ಟಲೆ ಕಳೆದಿದ್ದಾರೆ. ಆಲ್ಟರ್ನೇಟರಿನ ಬಿ-ಪ್ಲಸ್ ಟರ್ಮಿನಲ್ಲಿನಿಂದ 6 ಚದರ ಮಿಲಿಮೀಟರಿನ ಹೊಸ ವೈರನ್ನು ಅಮೀಟರಿಗೂ, ಅಮೀಟರಿನ ಇನ್ನೊಂದು ಬದಿಯಿಂದ ಅಷ್ಟೇ ದಪ್ಪದ ವೈರನ್ನು ಸೆಲ್ಫಿನ ಬ್ಯಾಟರಿ ಟರ್ಮಿನಲ್ಲಿಗೂ ಎಳೆಯಬೇಕು. ಅಮೀಟರ್ 20 ಅಥವಾ 30 ಆಂಪಿಯರ್ ವರೆಗೆ ಮಾತ್ರ ತೋರುವಂಥದ್ದಾದರೆ 60ರದ್ದನ್ನು ಹಾಕುವುದು ಒಳ್ಳೆಯದು. ಚಾರ್ಜ್ ಆಗುವಾಗ ಮುಳ್ಳು ಡಿಸ್‌ಚಾರ್ಜ್ ಕಡೆ ವಾಲಿದರೆ ಅಮೀಟರಿನ ಎರಡು ವೈರುಗಳನ್ನು ಅದಲುಬದಲು ಮಾಡಿದರಾಯಿತು.

ಎಲ್ ಅಥವಾ ಡಿ-ಪ್ಲಸ್ ಎಂಬ ಸಣ್ಣ ಟರ್ಮಿನಲ್ಲಿಗೆ ಸ್ವಿಚ್ಚಿನಿಂದ 12 ವೋಲ್ಟ್, 2ರಿಂದ 3 ವಾಟಿನ ಸೂಚನಾ ದೀಪದ ಮೂಲಕ ವೈರು ಬರಬೇಕು. ಈ ದೀಪ ಅಲಂಕಾರಕ್ಕಲ್ಲ. ಎಂಜಿನ್ ಚಾಲೂ ಆಗುವ ಮೊದಲು ಆಲ್ಟರ್ನೇಟರಿನ ರೋಟರಿಗೆ ಮೊದಲ ಕಾಂತಶಕ್ತಿ ಬರುವುದು ಈ ದೀಪದ ಮೂಲಕ ಹರಿಯುವ ಸಣ್ಣ ಕರೆಂಟಿನಿಂದ. ಬಲ್ಬು ಸುಟ್ಟಿದ್ದರೆ, ಅಥವಾ ಅದರ ಜಾಗದಲ್ಲಿ ಎಲ್‌ಇಡಿ ಹಾಕಿದ್ದರೆ, ಆಲ್ಟರ್ನೇಟರ್ ಹೊಸದಾಗಿದ್ದರೂ ಚಾರ್ಜ್ ಆರಂಭಿಸದೆ ಇರಬಹುದು. ಪೆಟ್ರೋಲ್ ಟ್ರ್ಯಾಕ್ಟರಿನಲ್ಲಿ ಈ ದೀಪವಿಲ್ಲದೆ ವೈರನ್ನು ನೇರವಾಗಿ ಸ್ವಿಚ್ಚಿಗೆ ಕೊಟ್ಟರೆ ಇನ್ನೊಂದು ಅಪಾಯವಿದೆ: ಕೀಲಿ ತಿರುಗಿಸಿ ಆಫ್ ಮಾಡಿದರೂ ಆಲ್ಟರ್ನೇಟರಿನಿಂದ ಕಾಯಿಲ್ಲಿಗೆ ಹಿಮ್ಮುಖವಾಗಿ ಕರೆಂಟು ಹರಿದು ಎಂಜಿನ್ ನಿಲ್ಲದೆ ಓಡುತ್ತಿರುತ್ತದೆ.

ಡೈನಮೋ ಕಾಲದ ಎರಡು ಅಭ್ಯಾಸಗಳನ್ನು ಇನ್ನು ಬಿಡಬೇಕು. ಒಂದೇ ಬ್ಯಾಟರಿಯಲ್ಲಿ ಮನೆಯ ಎರಡು ಟ್ರ್ಯಾಕ್ಟರುಗಳನ್ನು ಚಾಲೂ ಮಾಡಲು, ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಬಿಚ್ಚಿ ಇನ್ನೊಂದಕ್ಕೆ ಒಯ್ಯುವುದು ನಮ್ಮಲ್ಲಿ ರೂಢಿ. ಆಲ್ಟರ್ನೇಟರ್ ಇರುವಾಗ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಗೇ ಏರಿ ಡಯೋಡುಗಳೂ ರೆಗ್ಯುಲೇಟರೂ ಸುಡುತ್ತವೆ. ಹಾಗೆಯೇ ಹುಕ್ಕಿಗೋ ಮಡ್‌ಗಾರ್ಡಿಗೋ ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿಯ ಕೇಬಲನ್ನೂ ಆಲ್ಟರ್ನೇಟರಿನ ವೈರುಗಳನ್ನೂ ಬಿಚ್ಚಬೇಕು.

ಡೈನಮೋವನ್ನೇ ಉಳಿಸಿಕೊಂಡು ಅರ್ತ್ ಮಾತ್ರ ಬದಲಿಸುವವರು, ಡೈನಮೋದ ಎರಡೂ ವೈರು ಬಿಚ್ಚಿ, ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ವೈರನ್ನು ಡೈನಮೋದ ಎಫ್ (ಫೀಲ್ಡ್) ಟರ್ಮಿನಲ್ಲಿಗೆ ಎರಡು ಮೂರು ಸಲ ಮುಟ್ಟಿಸಿ ತೆಗೆಯಬೇಕು; ಇದರಿಂದ ಅದರೊಳಗಿನ ಕಾಂತತ್ವದ ದಿಕ್ಕು ಬದಲಾಗುತ್ತದೆ. ಲೂಕಾಸ್ ಮಾದರಿಯ ಡೈನಮೋಗಳಿಗೆ ಈ ಕ್ರಮ ಹೊಂದುತ್ತದೆ. ಆದರೆ 6 ವೋಲ್ಟಿನ ಡೈನಮೋ 12 ವೋಲ್ಟಿನ ಟ್ರ್ಯಾಕ್ಟರಿನಲ್ಲಿ ಉಳಿಯಕೂಡದು.

ಸೆಲ್ಫ್ ಮೋಟರು

ಅರ್ತ್ ಬದಲಿಸಿದರೆ ಸೆಲ್ಫ್ ಉಲ್ಟಾ ತಿರುಗುತ್ತದೆ ಎಂಬ ಭಯ ಹಲವರಲ್ಲಿದೆ. ಹಾಗಾಗುವುದಿಲ್ಲ. ಇವುಗಳಲ್ಲಿ ಫೀಲ್ಡ್ ಕಾಯಿಲ್ ಮತ್ತು ಆರ್ಮೇಚರ್ ಸಾಲಾಗಿ ಜೋಡಣೆಯಾಗಿರುವುದರಿಂದ ಎರಡರಲ್ಲೂ ಕರೆಂಟಿನ ದಿಕ್ಕು ಒಟ್ಟಿಗೆ ಬದಲಾಗಿ, ತಿರುಗುವ ದಿಕ್ಕು ಮೊದಲಿನಂತೆಯೇ ಉಳಿಯುತ್ತದೆ.

6 ವೋಲ್ಟಿನ ಸೆಲ್ಫನ್ನು 12 ವೋಲ್ಟಿನಲ್ಲಿ ನಡೆಸಬಹುದೇ ಎಂಬುದಕ್ಕೆ ನನ್ನ ಉತ್ತರ ಹೀಗಿದೆ: ನಡೆಯುತ್ತದೆ, ಆದರೆ ಮಿತಿಯಲ್ಲಿ ನಡೆಸಬೇಕು. ಅದು ಮೊದಲಿಗಿಂತ ಬಹಳ ವೇಗವಾಗಿ ತಿರುಗುವುದರಿಂದ ಬೆಂಡಿಕ್ಸ್ (ಸೆಲ್ಫಿನ ತುದಿಯ ಸಣ್ಣ ಗೇರು) ಹಲ್ಲು ಫ್ಲೈವೀಲಿನ ಹಲ್ಲಿಗೆ ರಭಸದಿಂದ ಬಡಿಯುತ್ತದೆ. ಟ್ಯೂನಿಂಗ್ ಸರಿಯಿದ್ದು ಎರಡು ಸೆಕೆಂಡಿನಲ್ಲಿ ಚಾಲೂ ಆಗುವ ಎಂಜಿನ್ನಿಗೆ ಇದು ವರ್ಷಗಟ್ಟಲೆ ಬಾಳುತ್ತದೆ. ಹತ್ತು ಸಲ ಒತ್ತಬೇಕಾದ ಎಂಜಿನ್ನಿಗೆ ಬಾಳುವುದಿಲ್ಲ. ದಿನವೂ ದುಡಿಸುವ ಟ್ರ್ಯಾಕ್ಟರಾದರೆ ವೈಂಡಿಂಗ್ ಅಂಗಡಿಯಲ್ಲಿ ಫೀಲ್ಡ್ ಕಾಯಿಲನ್ನು 12 ವೋಲ್ಟಿಗೆ ಸುತ್ತಿಸಿ, ಬುಷ್ ಮತ್ತು ಕಾರ್ಬನ್ ಬ್ರಷ್ ಹೊಸದು ಹಾಕಿಸುವುದೇ ಸರಿಯಾದ ದಾರಿ. ಸೋಲೆನಾಯ್ಡ್ ಇದ್ದರೆ ಅದನ್ನು 12 ವೋಲ್ಟಿನದಕ್ಕೆ ಬದಲಿಸಲೇಬೇಕು.

ಗೇರಿನಲ್ಲಿದ್ದಾಗಲೂ ಸೆಲ್ಫ್ ತಿರುಗುವ ಟ್ರ್ಯಾಕ್ಟರಿಗೆ ನ್ಯೂಟ್ರಲ್ ಅಥವಾ ಕ್ಲಚ್ ಸ್ವಿಚ್ಚನ್ನು ಈ ಸಂದರ್ಭದಲ್ಲೇ ಕೂರಿಸಿಕೊಳ್ಳಬೇಕೆಂದು ಕಳಕಳಿಯಿಂದ ಹೇಳುತ್ತೇನೆ. ಸೋತ ಬ್ಯಾಟರಿಯಲ್ಲಿ ಗೇರಿನಲ್ಲಿದ್ದ ಟ್ರ್ಯಾಕ್ಟರು ಅಲುಗುತ್ತಿರಲಿಲ್ಲ. ಹೊಸ ವ್ಯವಸ್ಥೆಯಲ್ಲಿ ಅದು ಮುಂದಕ್ಕೆ ಹಾರುತ್ತದೆ. ನೆಲದ ಮೇಲೆ ನಿಂತು ಸೆಲ್ಫಿನ ಎರಡು ಟರ್ಮಿನಲ್ಲುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಕೊಟ್ಟು ಚಾಲೂ ಮಾಡುವುದನ್ನು ಯಾರೂ, ಎಂದಿಗೂ ಮಾಡಬಾರದು. ಹಾಗೆ ಮಾಡುವವರು ನಿಂತಿರುವುದು ದೊಡ್ಡ ಗಾಲಿಯ ಮುಂದೆಯೇ.

ಕಾಯಿಲ್, ದೀಪ, ಫ್ಯೂಸ್

ಡೀಸೆಲ್ ಟ್ರ್ಯಾಕ್ಟರಿನವರಿಗೆ ಕಾಯಿಲ್ಲಿನ ಗೊಡವೆಯಿಲ್ಲ. ಕಿಡಿಗೆ ಬೇಕಾದ ಕರೆಂಟನ್ನು ತಾನೇ ಹುಟ್ಟಿಸುವ ಮ್ಯಾಗ್ನೆಟೋ ಇರುವ ಎಂಜಿನ್ನಿಗೂ ಇಲ್ಲ, ಏಕೆಂದರೆ ಅದಕ್ಕೆ ಬ್ಯಾಟರಿಯೇ ಬೇಡ. ಪಾಯಿಂಟ್ (ಕಾಯಿಲ್ಲಿನ ಕರೆಂಟನ್ನು ಕಡಿದು ಕೂಡಿಸುವ ಸಣ್ಣ ಸ್ವಿಚ್ಚು) ಮತ್ತು ಕಾಯಿಲ್ ಇರುವ ಪೆಟ್ರೋಲ್ ಎಂಜಿನ್ನಿಗೆ ಸುಮಾರು 3 ಓಮ್ ತಡೆಯ 12 ವೋಲ್ಟ್ ಕಾಯಿಲ್ ಬೇಕು. 1.5 ಓಮ್ ಇರುವ 6 ವೋಲ್ಟ್ ಕಾಯಿಲನ್ನೇ ಉಳಿಸಿದರೆ 9 ಆಂಪಿಯರಿನಷ್ಟು ಕರೆಂಟು ಹರಿದು ಪಾಯಿಂಟ್ ಕರಗುತ್ತದೆ, ಉಳಿಸಲೇಬೇಕಾದರೆ 1.5 ಓಮಿನ ಬ್ಯಾಲಸ್ಟ್ ರೆಸಿಸ್ಟರನ್ನು ಸಾಲಾಗಿ ಹಾಕಬೇಕು. ನೆಗೆಟಿವ್ ಅರ್ತಿನಲ್ಲಿ ಕಾಯಿಲ್ಲಿನ ಮೈನಸ್ ತುದಿ ಡಿಸ್ಟ್ರಿಬ್ಯೂಟರಿಗೂ ಪ್ಲಸ್ ತುದಿ ಸ್ವಿಚ್ಚಿಗೂ ಹೋಗಬೇಕು. ಉಲ್ಟಾ ಆದರೂ ಎಂಜಿನ್ ಓಡುತ್ತದೆ, ಆದರೆ ಕಿಡಿ ದುರ್ಬಲವಾಗಿ, ತಂಪು ಬೆಳಗಿನಲ್ಲಿ ಸತಾಯಿಸುತ್ತದೆ.

6 ವೋಲ್ಟಿನ ಬಲ್ಬು, ಹಾರನ್ ಎಲ್ಲವನ್ನೂ ಬದಲಿಸಬೇಕು. ಹಳೆಯ ಟ್ರ್ಯಾಕ್ಟರುಗಳಲ್ಲಿ ಫ್ಯೂಸ್ ಇಲ್ಲದಿರುವುದೇ ಹೆಚ್ಚಾದ್ದರಿಂದ ಹೆಡ್‌ಲೈಟಿಗೆ 15, ಹಾರನ್ ಮತ್ತು ಟ್ರೈಲರ್ ಸಾಕೆಟ್ಟಿಗೆ ತಲಾ 10 ಆಂಪಿಯರಿನ ಫ್ಯೂಸ್ ಇರುವ ಸಣ್ಣ ಪೆಟ್ಟಿಗೆಯೊಂದನ್ನು ಡ್ಯಾಶ್‌ಬೋರ್ಡಿನ ಹಿಂದೆ ಕೂರಿಸಬೇಕು. ಇಲಿ ಕಡಿದ ವೈರನ್ನು ಟೇಪು ಸುತ್ತಿ ಮುಂದುವರಿಸದೆ ಹೊಸದನ್ನೇ ಎಳೆಯಬೇಕು.

ಮೊದಲ ಸಲ ಚಾಲೂ ಮಾಡುವಾಗ

ಎಲ್ಲವೂ ಮುಗಿದ ಮೇಲೆ ಪಾಸಿಟಿವ್ ಕೇಬಲ್ ಹಾಕಿ, ಎಲ್ಲ ಸ್ವಿಚ್ಚುಗಳನ್ನು ಆಫ್ ಮಾಡಿ, ನೆಗೆಟಿವ್ ಕೇಬಲನ್ನು ಟರ್ಮಿನಲ್ಲಿಗೆ ಬಿಗಿಯುವ ಮೊದಲು ಎರಡರ ನಡುವೆ 12 ವೋಲ್ಟಿನ ಸಣ್ಣ ಬಲ್ಬೊಂದನ್ನು ಹಿಡಿಯಬೇಕು. ಬಲ್ಬು ಪ್ರಕಾಶವಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ ಎಂದು ತಿಳಿದು, ಅದನ್ನು ಹುಡುಕುವ ತನಕ ಮುಂದುವರಿಯಬಾರದು. ಉರಿಯದಿದ್ದರೆ ಕೇಬಲ್ ಬಿಗಿದು, ಸ್ವಿಚ್ ಹಾಕಿ, ಸೂಚನಾ ದೀಪ ಹತ್ತಿದೆಯೇ ನೋಡಿ, ಆಸನದಲ್ಲಿ ಕುಳಿತು ಚಾಲೂ ಮಾಡಬೇಕು. ಎಂಜಿನ್ ಸ್ವಲ್ಪ ವೇಗ ಹಿಡಿದೊಡನೆ ದೀಪ ಆರಬೇಕು. ಬ್ಯಾಟರಿಯ ಮೇಲೆ ಮೀಟರ್ ಇಟ್ಟರೆ 13.8ರಿಂದ 14.4 ವೋಲ್ಟ್ ತೋರಬೇಕು. ಹೆಡ್‌ಲೈಟ್ ಹಾಕಿದಾಗಲೂ 13.5ಕ್ಕಿಂತ ಕೆಳಗಿಳಿಯಬಾರದು. 15ರ ಹತ್ತಿರ ಹೋದರೆ ರೆಗ್ಯುಲೇಟರ್ ಕೆಟ್ಟಿದೆ. ಹಾಗೆಯೇ ಓಡಿಸಿದರೆ ನಮ್ಮ ಬೇಸಿಗೆಯಲ್ಲಿ ಬ್ಯಾಟರಿ ನೀರು ವಾರದಲ್ಲೇ ಬತ್ತುತ್ತದೆ. ಒಂದು ವಾರ ದುಡಿಸಿದ ಮೇಲೆ ಹೊಸ ಬೆಲ್ಟು ಹಿಗ್ಗಿರುವುದರಿಂದ ಅದನ್ನು ಮತ್ತೊಮ್ಮೆ ಬಿಗಿಯಬೇಕು. ಸೆಲ್ಫ್ ಒತ್ತಿದ ಕೂಡಲೇ ಕೇಬಲ್ಲಿನ ಲಗ್ಗುಗಳನ್ನು ಕೈಯಿಂದ ಮುಟ್ಟಿ, ಬಿಸಿಯಾದದ್ದು ಸಿಕ್ಕರೆ ಬಿಚ್ಚಿ ಉಜ್ಜಬೇಕು.

ಕೊನೆಯಲ್ಲಿ ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಮೇಲೆ, ಬಿಚ್ಚುವವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ, “12 ವೋಲ್ಟ್, ನೆಗೆಟಿವ್ ಅರ್ತ್” ಎಂದು ಎಣ್ಣೆ ಬಣ್ಣದಲ್ಲಿ ದೊಡ್ಡದಾಗಿ ಬರೆಸಬೇಕು. ಪಾಸಿಟಿವ್ ಕೇಬಲ್ಲಿನ ಎರಡೂ ತುದಿಗಳಿಗೆ ಕೆಂಪು ಟೇಪು ಸುತ್ತಿ, ಯಾವ ವೈರು ಎಲ್ಲಿಗೆ ಹೋಗಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಪ್ಲಾಸ್ಟಿಕ್ ಚೀಲದಲ್ಲಿ ಟೂಲ್ ಪೆಟ್ಟಿಗೆಯೊಳಗೆ ಇಡಬೇಕು. ನಮ್ಮ ಟ್ರ್ಯಾಕ್ಟರಿನ ಮೇಲೆ ಆ ಅಕ್ಷರಗಳು ಈಗ ಬಿಳಿ ಬಣ್ಣದಲ್ಲಿವೆ. ಎರಡನೆಯ ಆಲ್ಟರ್ನೇಟರ್ ಕೂರಿಸಿದ ದಿನವೇ ಬರೆಸಿದ್ದು.